ಮಾವನವರ ಕಿಸೆಯಲ್ಲಿ ಕಾಯುತ್ತಿದ್ದ ಮೊಬೈಲು

ಮಾವನವರ ಎದೆಯ ಮೇಲೆ ಎದ್ದ ಕೆಂಪು ಕಲೆಯನ್ನು ಮೊದಲು ನೋಡಿದವಳು ನಾನು. ಬೆಳಿಗ್ಗೆ ಸ್ನಾನ ಮುಗಿಸಿ ಅವರು ಲಿಂಗಪೂಜೆಗೆ ಕೂರುವ ಹೊತ್ತಿಗೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಪತ್ರೆ, ಹೂವು ಇಟ್ಟು ಬರುವುದು ನನ್ನ ಕೆಲಸವಾಗಿತ್ತು. ಆ ದಿನ ತಂಬಿಗೆ ಇಡಲು ಬಗ್ಗಿದಾಗ ಕಂಡಿತು. ಕೊರಳಿನಲ್ಲಿ ತೂಗುವ, ಲಿಂಗವಿಡುವ ಬೆಳ್ಳಿ ಕರಡಿಗೆಯ ಪಕ್ಕದಲ್ಲಿ, ಎಡಗಡೆಗೆ, ಅರ್ಧ ಅಂಗೈಯಷ್ಟು ಚರ್ಮ ಕೆಂಪಾಗಿ ನಿಂತಿತ್ತು.

"ಮಾವಾರೆ, ಎದೆ ಮೇಲೆ ಅದೇನ್ರಿ?"

"ಬೆವರುಸಾಲಿ ಇರಬೇಕವ್ವಾ. ಬಿಸಲು ಹಂಗೈತಲ್ಲ."

ಹಗರಿಬೊಮ್ಮನಹಳ್ಳಿಯ ಬಿಸಿಲನ್ನು ನೋಡಿದವರು ಆ ಮಾತನ್ನು ಒಪ್ಪಲೇಬೇಕು. ನಾನೂ ಒಪ್ಪಿದೆ. ಆದರೆ ಮಧ್ಯಾಹ್ನ ಅವರು ಮಲಗಿದ್ದಾಗ ಗೂಟಕ್ಕೆ ಹಾಕಿದ್ದ ಅವರ ಬನಿಯನ್ನು ಒಗೆಯಲೆಂದು ತೆಗೆದುಕೊಂಡೆ. ಒಳಗಿಸೆಯಲ್ಲಿ ಮೊಬೈಲು ಹಾಗೇ ಇತ್ತು. ತೆಗೆಯಲು ಕೈ ಹಾಕಿದವಳು ಕೈ ಹಿಂದಕ್ಕೆ ಎಳೆದುಕೊಂಡೆ. ಹೆಂಚಿನಿಂದ ಆಗಷ್ಟೇ ತೆಗೆದ ರೊಟ್ಟಿಯ ಬಿಸಿ. ಅದೂ ಎಡಗಡೆಯ ಕಿಸೆ.

ಅದು ಚೀನಾ ಸೆಟ್ಟುಗಳ ಕಾಲ. ನಮ್ಮ ಯಜಮಾನರು ತಂದೆಗೆಂದು ಅಕ್ಕರೆಯಿಂದ ತಂದದ್ದು ಅಂಥದ್ದೇ ಒಂದು. ಅಂಗೈ ತುಂಬುವ ಪರದೆ, ಚುಚ್ಚಿ ಒತ್ತಲು ಒಂದು ಕಡ್ಡಿ, ಎರಡು ಸಿಮ್ಮು, ಓಣಿಯ ಆ ತುದಿಗೂ ಕೇಳುವ ದನಿ. "ಅಪ್ಪಗ ಕಣ್ಣು ಮಂಜಾಗ್ಯಾವ, ಇದರಾಗ ಅಕ್ಷರ ದೊಡ್ಡದಾಗಿ ಕಾಣ್ತಾವ" ಎಂದಿದ್ದರು. ಸೈಕಲ್ಲಿನ ಮೇಲೆ ಸೀರೆ, ಧೋತ್ರದ ಗಂಟು ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ, ಆಮೇಲೆ ಬಸ್‌ ನಿಲ್ದಾಣದ ಹತ್ತಿರ ಜವಳಿ ಅಂಗಡಿ ಇಟ್ಟವರು ಮಾವನವರು. ಈಗ ಅಂಗಡಿ ಮಗನ ಕೈಯಲ್ಲಿತ್ತು. ಅತ್ತೆ ನಾನು ಮದುವೆಯಾಗಿ ಹರಪನಹಳ್ಳಿಯಿಂದ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ನಾವು ಮೂವರು ಮತ್ತು ಶಾಲೆಗೆ ಹೋಗಲು ಶುರುಮಾಡಿದ್ದ ನನ್ನ ಮಗಳು. ಅವಳು ಅಜ್ಜನ ಮಗ್ಗುಲಲ್ಲೇ ಮಲಗುವವಳು. ಅಜ್ಜನ ದಿಂಬಿನ ಕೆಳಗೆ ಈ ಮೊಬೈಲು ಇರುತ್ತಿತ್ತು ಎಂದು ನೆನೆದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲೋ ಒಂದು ಕಡೆ ಮೊಬೈಲು ಢಂ ಅಂದು ಒಬ್ಬರ ಕೈ ಹೋಯಿತಂತೆ ಎಂಬ ಸುದ್ದಿ ಆಗ ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ಊಟಕ್ಕೆ ಬಂದ ಯಜಮಾನರಿಗೆ ತೋರಿಸಿದೆ. ಅವರು ಮುಟ್ಟಿ ನೋಡಿ, "ಕಿಸೇದಾಗ ಇಟ್ಕೊಂಡ್ರ ಗಾಳಿ ಆಡಂಗಿಲ್ಲ, ಕಾಯ್ತೈತಿ. ಮೇಜಿನ ಮ್ಯಾಲೆ ಇಡ್ಲಿ" ಎಂದರು. ಮೇಜಿನ ಮೇಲೆ ಇಟ್ಟೆವು. ಮೇಜಿನ ಮೇಲೂ ಕಾಯಿತು.

ಬಸ್‌ ನಿಲ್ದಾಣದ ಎದುರಿಗೆ ಮೊಬೈಲು ರಿಪೇರಿ ಮಾಡುವ ಒಬ್ಬ ಹುಡುಗನಿದ್ದ. ಹುಡುಗನೆಂದರೆ ಮದುವೆಯಾದವನೇ, ಆದರೆ ಎಲ್ಲರೂ ಹಾಗೆ ಕರೆಯುತ್ತಿದ್ದರು. ಅವನು ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಯನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದ. ಅದು ಬುಗುರಿಯಂತೆ ಗರಗರ ತಿರುಗಿತು.

"ಬ್ಯಾಟ್ರಿ ಉಬ್ಬೈತ್ರಿ. ಚಲೋ ಇದ್ದದ್ದು ಹಿಂಗ ತಿರುಗಂಗಿಲ್ಲ. ಮೊದಲು ಇದನ್ನ ಬಿಸಾಕ್ರಿ."

ಹೊಸ ಬ್ಯಾಟರಿ ಬಂತು. ಸ್ವಲ್ಪ ದಿನ ಎಲ್ಲ ಸರಿಯಿತ್ತು. ಮಾವನವರ ಎದೆಯ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿಸುತ್ತಿದ್ದೆವು, ಅದು ಬಣ್ಣ ತಿರುಗಿ ಕಂದಾಗುತ್ತಿತ್ತು. ಅಷ್ಟರಲ್ಲಿ ಒಂದು ಸಂಜೆ ಮಗಳು ಓಡಿ ಬಂದು "ಅವ್ವಾ, ಅಜ್ಜನ ಮೊಬೈಲು ಸುಡ್ತೈತಿ" ಎಂದಳು.

ಮತ್ತೆ ರಿಪೇರಿ ಅಂಗಡಿ. ಈ ಸಲ ಅವನು ಚಾರ್ಜರಿನ ಮೇಲೆ ತಪ್ಪು ಹಾಕಿದ. ಯಾವುದೋ ಚಾರ್ಜರು ಹಾಕಿ ದಿನವಿಡೀ ಬಿಟ್ಟರೆ ಹೀಗಾಗುತ್ತದೆ ಎಂದ. ಚಾರ್ಜರು ಬದಲಾಯಿತು. ಚಾರ್ಜು ಮಾಡುವ ಜವಾಬ್ದಾರಿ ನನ್ನ ಮೇಲೆ ಬಂತು. ನಾನು ಅಡುಗೆಮನೆಯ ಕಿಟಕಿಯಲ್ಲಿ, ಗಾಳಿ ಬರುವ ಕಡೆ ಇಟ್ಟು, ತುಂಬಿದ ಕೂಡಲೇ ತೆಗೆಯುತ್ತಿದ್ದೆ. ಚಾರ್ಜಿಗೆ ಇಟ್ಟಾಗ ಅದು ಅಷ್ಟೇನೂ ಕಾಯುತ್ತಿರಲಿಲ್ಲ. ಮಾವನವರ ಕೈಗೆ ಹೋದ ಮೇಲೆ ಕಾಯುತ್ತಿತ್ತು. ಆಮೇಲೆ, ಎರಡು ಸಿಮ್ಮು ಇದ್ದರೆ ಎರಡು ಟವರನ್ನು ಹುಡುಕುತ್ತಾ ಕಾಯುತ್ತದೆ ಎಂದು ಒಂದು ಸಿಮ್ಮು ತೆಗೆಸಿದ. ಹಾಡಿನ ಕಾರ್ಡು ತೆಗೆಸಿದ. ಪ್ರತಿ ಸಲವೂ ಯಜಮಾನರು "ಇನ್ನ ಸರಿ ಆತು ಬಿಡು" ಎಂದು ಹೇಳಿಕೊಂಡು ಬರುತ್ತಿದ್ದರು. ಅವರ ಸ್ವಭಾವವೇ ಹಾಗೆ, ಒಂದು ಕೆಲಸಕ್ಕೆ ಕೈ ಹಾಕಿದರೆ ಬಿಡುವವರಲ್ಲ. ಕೊನೆಗೆ ರೇಗಿ, ಆ ಚೀನಾ ಸೆಟ್ಟನ್ನೇ ತೆಗೆದುಹಾಕಿ ಕಂಪನಿಯ ಸಾದಾ ಸೆಟ್ಟು ತಂದರು. ಗಟ್ಟಿ ಗುಂಡಿಗಳು, ಸಣ್ಣ ಪರದೆ. ಎರಡನೇ ಗುಂಡಿ ಒತ್ತಿ ಹಿಡಿದರೆ ಸಾಕು, ನೇರ ಅಂಗಡಿಯ ಲ್ಯಾಂಡ್‌ಲೈನಿಗೆ ಹೋಗುವಂತೆ ಮಾಡಿಕೊಟ್ಟರು.

ಅದೂ ಕಾಯಿತು.

ಆಗ ಯಜಮಾನರ ಮುಖ ನೋಡಬೇಕಿತ್ತು. ಹೊಸ ಸೆಟ್ಟು ಹಿಡಿದುಕೊಂಡು ಮತ್ತೆ ಹೋದರು. ನಾನೂ ಮಗಳನ್ನು ಶಾಲೆಗೆ ಬಿಟ್ಟು ಅದೇ ದಾರಿಯಲ್ಲಿ ಬರುತ್ತಿದ್ದವಳು ಜೊತೆಗೆ ನಿಂತೆ. ರಿಪೇರಿಯವನು ಸೆಟ್ಟನ್ನು ಸಂಜೆಯವರೆಗೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದು, ನಾವು ವಾಪಸ್‌ ಹೋದಾಗ ಕೈಗೆ ಕೊಟ್ಟ. ತಣ್ಣಗಿತ್ತು.

"ನನ್ನ ಹತ್ರ ಹಿಂಗ ಇತ್ರಿ ಸಂಜಿತನ. ಸೆಟ್ಟಿನಾಗ ಏನೂ ಇಲ್ಲ. ಅಜ್ಜಾರು ಫೋನಿನಾಗ ಬಾಳ ಹೊತ್ತು ಮಾತಾಡ್ತಾರೇನ್ರಿ?"

"ನಮ್ಮಪ್ಪ ಯಾರ ಕೂಡ ಮಾತಾಡ್ಬೇಕು? ನೀನು ರಿಪೇರಿ ನೋಡು, ಮನಿ ಮಂದೀನ್ನ ನೋಡಬ್ಯಾಡ" ಎಂದರು ಯಜಮಾನರು. ಅಷ್ಟು ಖಾರವಾಗಿ ಅವರು ಯಾರಿಗೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಉತ್ತರ ಸಿಕ್ಕಿದ್ದು ನನಗೆ, ಅದೇ ವಾರ. ಮಾವನವರು ಪಡಸಾಲೆಯಲ್ಲಿ ಮೊಬೈಲು ಕಿವಿಗೆ ಹಿಡಿದು "ಹೂಂ… ಹೂಂ" ಎನ್ನುತ್ತಾ ಕೂತಿದ್ದರು. ನಾನು ಜೋಳ ಹಸನು ಮಾಡಿ ಎದ್ದರೂ ಹಾಗೇ ಕೂತಿದ್ದರು.

"ಯಾರ್ರಿ ಮಾವಾರೆ?"

"ಯಾರೋ ಹೆಣ್ಮಗಳವ್ವಾ. ಹಾಡು ಬೇಕಂದ್ರ ಒಂದು ಒತ್ತರಿ ಅಂತಾಳ. ಬ್ಯಾಡವ್ವಾ ಅಂದೆ. ಮತ್ತ ಅದನ್ನ ಕೇಳ್ತಾಳ."

"ಅಯ್ಯೋ, ಅದು ಯಾರೂ ಅಲ್ರಿ, ಕಂಪನಿಯೋರ ರೆಕಾರ್ಡಿಂಗು. ಕಟ್‌ ಮಾಡ್ರಿ."

"ಮಾತಾಡಾಕ ಹತ್ತಿದವರನ್ನ ನಡುವ ಹೆಂಗವ್ವಾ ಬಿಡಾದು?"

ನನಗೆ ನಗು ಬಂತು. ಅವರೂ ನಕ್ಕರು. ಮೊಬೈಲು ಕೈಗೆ ತೆಗೆದುಕೊಂಡೆ, ಸುಡುತ್ತಿತ್ತು. ಅವರ ಕಿವಿಯೂ ಕೆಂಪಾಗಿತ್ತು. ಕರೆ ಮುಗಿಸುವ ಗುಂಡಿ ಯಾವುದು ಎಂದು ತೋರಿಸಿದೆ. ಗುರುತಿಗಿರಲಿ ಎಂದು ನನ್ನ ಹಣೆಯ ಟಿಕಳಿಯನ್ನೇ ತೆಗೆದು ಆ ಗುಂಡಿಗೆ ಅಂಟಿಸಿದೆ. "ಮಾತು ಮುಗೀತು ಅಂದ್ರೆ ಈ ಟಿಕಳಿ ಒತ್ತಿಬಿಡ್ರಿ, ಆಯ್ತಾ?" "ಆತವ್ವಾ, ಅಷ್ಟೇ ಹೌದಲ್ಲ" ಎಂದರು.

ಸಂಜೆ ಇದನ್ನು ಹೇಳಿದಾಗ ಯಜಮಾನರಿಗೆ ಆದ ಸಮಾಧಾನ ಹೇಳತೀರದು. "ಅಷ್ಟೇನಾ! ಅಪ್ಪಗ ಫೋನು ಇಡಾಕ ಬರಂಗಿಲ್ಲ, ಕಿಸೇದಾಗ ಅದು ಚಾಲೂ ಇರ್ತೈತಿ, ಕಾಯ್ತೈತಿ. ಕರೆನ್ಸಿ ಯಾಕ ನಿಲ್ಲವಲ್ದು ಅಂತಿದ್ದೆ!" ಎಂದು ತೊಡೆ ತಟ್ಟಿಕೊಂಡರು. ಅವರೂ ಕೂತು ಇನ್ನೊಮ್ಮೆ ಕಲಿಸಿದರು.

ಮರುದಿನ ಬೆಳಿಗ್ಗೆ ಮಾವನವರು ಮೊಬೈಲು ಹಿಡಿದು ನನ್ನ ಹತ್ತಿರ ಬಂದರು. "ಯವ್ವಾ, ಇದರ ಮ್ಯಾಲೆ ಟಿಕಳಿ ಯಾರು ಅಂಟಿಸ್ಯಾರ? ಹುಡುಗಿ ಆಡಾಕ ತಗೊಂಡಿದ್ಲೇನು?"

ನಾನು ಮತ್ತೆ ಹೇಳಿದೆ. ಅವರು ಮತ್ತೆ, ಮೊದಲ ಸಲ ಕೇಳಿದವರ ಹಾಗೆ, "ಅಷ್ಟೇ ಹೌದಲ್ಲ" ಎಂದರು. ಅದರ ಮರುದಿನವೂ ಹಾಗೆಯೇ. ಇಡೀ ಅಂಗಡಿಯ ಲೆಕ್ಕವನ್ನು ಬೆರಳು ಮಡಚದೆ ಬಾಯಲ್ಲೇ ಹೇಳುತ್ತಿದ್ದವರು ಅವರು.

ಆಮೇಲೆ ಕಣ್ಣಿಗೆ ಬೀಳದೇ ಇದ್ದದ್ದೆಲ್ಲ ಬೀಳಲು ಶುರುವಾಯಿತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಮಂಡಕ್ಕಿ ಒಗ್ಗರಣೆ ತಿಂದು, ಚಹಾ ಕುಡಿದು ಎದ್ದವರು ಮತ್ತೆ ಮಣೆಯ ಮೇಲೆ ಹೋಗಿ ಕೂತರು. "ಯವ್ವಾ, ಇವತ್ತು ನೀರು ಇಡಲಿಲ್ಲಲ್ಲ?" ಎಂದು ಕೂಗಿದರು. ಅವರ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಿತ್ತು. ನಾನು ಏನೂ ಅನ್ನದೆ ತಂಬಿಗೆ ತುಂಬಿಟ್ಟು ಬಂದೆ. ಅವರು ಮೊದಲಿನಷ್ಟೇ ಶ್ರದ್ಧೆಯಿಂದ ಕರಡಿಗೆ ಬಿಚ್ಚಿದರು.

ಯಜಮಾನರಿಗೆ ಹೇಳಿದೆ. ಊಟದ ತಟ್ಟೆಯ ಮುಂದೆ ಅವರ ಕೈ ನಿಂತಿತು.

"ವಯಸ್ಸಾತು, ಒಂದೊಂದು ಮರೀತಾರ. ನಾನೂ ಮರೀತೀನಿ."

"ಮರೆಯೋದು ಬೇರೆ, ಇದು ಬೇರೆ ಕಾಣುತ್ತೆ ರೀ. ದಾವಣಗೆರೆಗೆ ಒಮ್ಮೆ ತೋರಿಸಿಕೊಂಡು ಬರೋಣ."

"ನಮ್ಮಪ್ಪಗ ಏನೂ ಆಗಿಲ್ಲ. ಸೆಟ್ಟಿನ ಗುಂಡಿ ಬಿರುಸು ಅದಾವ, ಅವರ ಬೆರಳಿಗೆ ಒತ್ತಾಕ ಆಗವಲ್ದು. ಬ್ಯಾರೆ ಸೆಟ್ಟು ನೋಡ್ತೀನಿ."

ಅವರು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು. ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ. ಮಾವನವರ ಮೇಲೆ ಒಂದು ಕಣ್ಣಿಟ್ಟು ಕೆಲಸ ಮಾಡುವುದನ್ನು ಕಲಿತೆ. ಅವರೂ ಅದನ್ನು ಬಲ್ಲವರಂತೆ ಒಮ್ಮೊಮ್ಮೆ ನನ್ನನ್ನೇ ನೋಡುತ್ತಿದ್ದರು. ಒಂದು ಸಲ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಹತ್ತಿರ ಬಂದು, ಮೆಲ್ಲಗೆ, "ನನ್ನ ತಲಿ ಮೊದಲಿನಂಗಿಲ್ಲವ್ವಾ. ಅವಗ ಹೇಳಬ್ಯಾಡ, ಹೆದರ್ತಾನ" ಎಂದರು. ನಾನು ಹೇಳಿ ಆಗಿತ್ತು. ಯಜಮಾನರು ನಂಬಿರಲಿಲ್ಲ. ಇದನ್ನು ಮಾವನವರಿಗೆ ಹೇಗೆ ಹೇಳುವುದು? ಹಸಿ ಸೀರೆಯ ಆ ಕಡೆ ನಿಂತು ತಲೆ ಆಡಿಸಿದೆ.

ಒಂದು ದಿನ ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದೆ. ಮಾವನವರು ಮಲಗಿದ್ದರು, ಬಾಗಿಲು ಮುಂದೆ ಮಾಡಿ ಹೋಗಿದ್ದೆ. ಬಂದಾಗ ಬಾಗಿಲು ಹಾರು ಹೊಡೆದಿತ್ತು. ಹಾಸಿಗೆ ಖಾಲಿ. ಚಪ್ಪಲಿ ಇಲ್ಲ, ಟೋಪಿ ಇಲ್ಲ, ಗೂಟದ ಮೇಲಿನ ಬನಿಯನ್ನೂ ಅಂಗಿಯೂ ಇಲ್ಲ. ಓಣಿಯಲ್ಲಿ ಕೇಳಿದೆ. ಬಸ್‌ ನಿಲ್ದಾಣದ ಕಡೆ ಹೋದರು ಎಂದರು. ಅಂಗಡಿಗೆ ಹೋಗಿರಬೇಕೆಂದು ಮಗಳ ಕೈ ಹಿಡಿದು ಓಡಿದೆ. ಅಂಗಡಿಯಲ್ಲಿ ಯಜಮಾನರು ಒಬ್ಬರೇ ಇದ್ದರು.

ನಾನು ಹೇಳುವುದನ್ನು ಅವರು ಕೇಳಿ ಮುಗಿಸುವ ಮೊದಲೇ ಲ್ಯಾಂಡ್‌ಲೈನು ಹೊಡೆದುಕೊಂಡಿತು. ಎತ್ತಿದವರು "ಅಪ್ಪಾ? ಅಪ್ಪಾ?" ಎಂದರು. ಆ ಕಡೆ ಉತ್ತರವಿಲ್ಲ. ರಿಸೀವರನ್ನು ನನ್ನ ಕಿವಿಗೂ ಸೇರಿಸಿ ಹಿಡಿದರು. ಬಸ್ಸಿನ ಗುಡುಗುಡು ಸದ್ದು. ಬಟ್ಟೆ ತೀಡುವ ಸದ್ದು. ಅದರ ನಡುವೆ ಟಕ್‌, ಟಕ್‌ ಎಂದು ಏನೋ ಬಡಿಯುತ್ತಿತ್ತು. ಅದು ಏನೆಂದು ನನಗೆ ತಕ್ಷಣ ತಿಳಿಯಿತು. ಬೆಳ್ಳಿ ಕರಡಿಗೆ ಮೊಬೈಲಿಗೆ ತಾಗುವ ಸದ್ದು. ಮೊಬೈಲು ಒಳಗಿಸೆಯಲ್ಲಿತ್ತು. ಎರಡನೇ ಗುಂಡಿಯನ್ನು ಅವರೇ ಒತ್ತಿದ್ದರೋ, ಕಿಸೆಯಲ್ಲಿ ತಾನಾಗಿ ಒತ್ತಿಕೊಂಡಿತೋ, ಇಂದಿಗೂ ಗೊತ್ತಿಲ್ಲ.

"ಹಂಪಸಾಗರ ಯಾರ್ರೀ! ಇಳೀರಿ, ಇಳೀರಿ!" ಕಂಡಕ್ಟರನ ಕೂಗು ಕೇಳಿತು.

ಯಜಮಾನರು ರಿಸೀವರನ್ನು ನನ್ನ ಕೈಗೆ ತುರುಕಿದರು. "ಇಡಬ್ಯಾಡ. ಕೇಳ್ಕೋಂತ ಇರು" ಎಂದವರೇ ಗಾಡಿ ಹತ್ತಿ ಹೊರಟರು. ಪಕ್ಕದ ಪಾತ್ರೆ ಅಂಗಡಿಯವರು ವಿಷಯ ತಿಳಿದು ತಮ್ಮ ಮೊಬೈಲು ಹಿಡಿದು ಬಂದು ನನ್ನ ಎದುರಿಗೆ ನಿಂತರು. ನಾನು ಕೇಳಿದ್ದನ್ನು ಹೇಳುವುದು, ಅವರು ಅದನ್ನು ದಾರಿಯಲ್ಲಿರುವ ಯಜಮಾನರಿಗೆ ಮುಟ್ಟಿಸುವುದು.

ಆ ರಿಸೀವರನ್ನು ಹಿಡಿದು ನಿಂತ ಹೊತ್ತು ನನ್ನ ಬದುಕಿನಲ್ಲಿ ಮರೆಯುವಂಥದ್ದಲ್ಲ. ಬಿಸಿಯಾಗಿ ಬಿಸಿಯಾಗಿ ಆ ಸೆಟ್ಟು ಒಮ್ಮೊಮ್ಮೆ ತಾನೇ ಬಂದ್‌ ಆಗಿ ಆರಿಹೋಗುತ್ತಿದ್ದುದು ನನಗೆ ಗೊತ್ತಿತ್ತು. ಈಗ ಅದು ಅವರ ಎದೆಯನ್ನು ಸುಡುತ್ತಿರಬಹುದು. ಆದರೂ ಆರದಿರಲಿ, ಆರದಿರಲಿ ಎಂದೇ ಬೇಡಿಕೊಂಡೆ. ಹೆಜ್ಜೆಯ ಸದ್ದು, ಕರಡಿಗೆಯ ಟಕ್‌ ಟಕ್‌, ಮೇಕೆಗಳ ಕೂಗು, ಯಾರೋ ನೀರು ಸೇದುವ ಸದ್ದು. ಆಮೇಲೆ ಮಾವನವರ ದನಿ.

"ತಮ್ಮಾ, ಇಲ್ಲಿ ಜವಳಿ ಅಂಗಡಿ ಎಲ್ಲಿ ಬರ್ತೈತಿ?"

"ಯಾರ ಅಂಗಡಿ ಯಜ್ಜಾ?"

ಕರಡಿಗೆ ಒಮ್ಮೆ ಟಕ್‌ ಎಂದಿತು.

"ನಂದ" ಎಂದರು.

ಪಾತ್ರೆ ಅಂಗಡಿಯವರು "ಏನಂದ್ರು? ಏನಂದ್ರು?" ಎಂದು ಕೇಳುತ್ತಿದ್ದರು. ನಾನು ಕೈಯೆತ್ತಿ ಅವರನ್ನು ತಡೆದೆ. ಆ ಕಡೆಯ ಮನುಷ್ಯ ಒಳ್ಳೆಯವನು. ನಗಲಿಲ್ಲ. "ಬಿಸಲಾಗ ತಿರುಗಬ್ಯಾಡ ಬಾ, ಈ ಕಟ್ಟಿ ಮ್ಯಾಲೆ ಕುಂದ್ರು, ನೀರು ಕುಡಿ" ಎಂದ. ನಾನು ಹೇಗೋ, ಕಟ್ಟೆ ಮೇಲೆ ಕೂತಿದ್ದಾರೆ, ನೀರು ಸೇದೋ ಜಾಗದ ಹತ್ತಿರ, ಎಂದು ಹೇಳಿದೆ. ಆ ಮಾತು ದಾರಿಗೆ ಹೋಯಿತು.

ಕೊನೆಗೆ ಗಾಡಿ ನಿಂತ ಸದ್ದು. ಓಡಿ ಬರುವ ಹೆಜ್ಜೆ. ಯಜಮಾನರ ಏದುಸಿರು ನನಗೆ ಕೇಳುತ್ತಿತ್ತು. ಅವರು ಮಾತಾಡುವ ಮೊದಲೇ ಮಾವನವರು ಮಾತಾಡಿದರು. ಅಂಗಡಿಯ ಗಾದಿಯ ಮೇಲೆ ಕೂತು ಗಿರಾಕಿಗಳನ್ನು ಕರೆಯುತ್ತಿದ್ದ ಅದೇ ಮೃದು ದನಿ.

"ಬರ್ರಿ, ಕುಂದರ್ರಿ. ಏನು ತೋರಿಸ್ಲಿ?"

ಯಜಮಾನರು "ಅಪ್ಪಾ, ನಾನು" ಎನ್ನುತ್ತಾರೆ ಅಂದುಕೊಂಡೆ. ಅವರು ಹಾಗೆನ್ನಲಿಲ್ಲ.

"ಒಂದು ಧೋತ್ರ ಬೇಕಿತ್ರಿ."

"ಧೋತ್ರ…" ಮಾವನವರ ದನಿ ತಡವರಿಸಿತು. "ಗಂಟು ಇಲ್ಲೇ ಇಟ್ಟಿದ್ನಲ್ಲ."

"ಗಂಟು ಅಂಗಡ್ಯಾಗ ಐತ್ರಿ. ಗಾಡಿ ತಂದೀನಿ, ಬರ್ರಿ ಹೋಗೂಣು."

ಅಲ್ಲಿಗೆ ಸದ್ದು ನಿಂತಿತು. ಮೊಬೈಲು ಆರಿತ್ತು.

ಸಂಜೆ ಅವರಿಬ್ಬರೂ ಬಂದರು. ಮಾವನವರು ಮಗನ ಸೊಂಟವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಮನೆಯ ಮುಂದೆ ಇಳಿದು, ನನ್ನನ್ನು ನೋಡಿ, "ಚಾ ಮಾಡವ್ವಾ, ಬಾಳ ದಣಿವಾತು" ಎಂದರು. ಎದೆಯ ಮೇಲೆ ಹಳೆಯ ಜಾಗದಲ್ಲೇ ಹೊಸ ಕೆಂಪು. ಈ ಸಲ ಬೊಬ್ಬೆಯೂ ಎದ್ದಿತ್ತು. ಯಜಮಾನರೇ ಎಣ್ಣೆ ಹಚ್ಚಿದರು. ಹಂಪಸಾಗರದಲ್ಲಿ ಏನು ನಡೆಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಅಲ್ಲಿ ಮುಟ್ಟಿದ ಮೇಲಿನ ಮಾತನ್ನೂ ನಾನು ಕೇಳಿಸಿಕೊಂಡಿದ್ದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಆ ಮಾತು ನಮ್ಮ ನಡುವೆ ಇವತ್ತಿನವರೆಗೆ ಬಂದಿಲ್ಲ.

ದಾವಣಗೆರೆಗೆ ಹೋಗೋಣ ಎಂದವರು ಯಜಮಾನರೇ. ಡಾಕ್ಟರು ಮಾವನವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು, ವಾರಗಳ ಹೆಸರು ಕೇಳಿದರು. ಹೊರಗೆ ನಮ್ಮಿಬ್ಬರನ್ನು ಕೂರಿಸಿ, ಇದು ಮರೆವಿನ ಕಾಯಿಲೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಬರುವಾಗ ಬಸ್ಸಿನಲ್ಲಿ ಮಾವನವರು ಕಿಟಕಿಯ ಪಕ್ಕ ಕೂತು ಊರುಗಳ ಹೆಸರನ್ನು ಒಂದೊಂದಾಗಿ, ಸರಿಯಾಗಿ ಹೇಳಿದರು. ಯಜಮಾನರು ಪ್ರತಿ ಹೆಸರಿಗೂ "ಹೌದಪ್ಪಾ" ಎನ್ನುತ್ತಿದ್ದರು.

ಮೊಬೈಲನ್ನು ಅವರ ಕೈಯಿಂದ ತೆಗೆಯಬೇಕೆಂದು ಮೊದಲು ಅನ್ನಿಸಿತು. ಆಮೇಲೆ ಬೇಡವೆಂದುಕೊಂಡೆವು. ಅದೊಂದು ಇದ್ದದ್ದಕ್ಕೆ ಅವರು ಸಿಕ್ಕಿದ್ದರು. ನಾನು ದಪ್ಪ ಖಾದಿಯನ್ನು ಎರಡು ಪದರ ಮಾಡಿ ಒಂದು ಚೀಲ ಹೊಲಿದೆ. ಮೈಗೆ ತಾಗದಂತೆ ಅಂಗಿಯ ಮೇಲೆ ತೂಗುವಷ್ಟು ಉದ್ದದ ದಾರ ಇಟ್ಟೆ. ಒಳಗಿಸೆಗೆ ಹೊಲಿಗೆ ಹಾಕಿ ಮುಚ್ಚಿಬಿಟ್ಟೆ. ಎದೆಯ ಗಾಯ ಮಾಯಿತು, ಕಲೆ ಉಳಿಯಿತು. ಕರೆ ಮುಗಿಸುವುದನ್ನು ಅವರಿಗೆ ಕಲಿಸುವ ಕೆಲಸವನ್ನು ನಾವು ಬಿಟ್ಟೆವು. ಅಂಗಡಿಗೆ ಅವರ ಫೋನು ಬಂದರೆ ಯಜಮಾನರು ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಗಿರಾಕಿಗೆ ಬಟ್ಟೆ ಅಳೆಯುತ್ತಲೇ, ಅತ್ತ ಮನೆಯ ಸದ್ದನ್ನು ಕೇಳುತ್ತಿದ್ದರು.

ಮುಂದೆ ಮಾವನವರೊಬ್ಬರನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ನಾನೂ ಅಂಗಡಿಯಲ್ಲಿ ಕೂರಲು ಶುರುಮಾಡಿದೆ, ಮಾವನವರು ನನ್ನ ಪಕ್ಕದಲ್ಲಿ. ನನ್ನ ಹೆಸರು, ಮಗಳ ಹೆಸರು ಹೋದ ಮೇಲೂ ಬಟ್ಟೆಯನ್ನು ಎರಡು ಬೆರಳ ನಡುವೆ ತೀಡಿ ಅದು ಯಾವುದೆಂದು ಹೇಳುವುದು ಅವರಿಗೆ ಬಹಳ ಕಾಲ ಉಳಿದಿತ್ತು. ಗಿರಾಕಿಗಳಿಗೂ ಅದು ಇಷ್ಟ. ಅವರ ಮುಂದೆ ಸೆರಗು ಚಾಚಿ "ನೋಡಿ ಹೇಳ್ರಿ ಯಜಮಾನ್ರ" ಎನ್ನುತ್ತಿದ್ದರು.

ಒಂದು ದಿನ ಹಡಗಲಿ ಕಡೆಯ ಹೆಣ್ಣುಮಗಳೊಬ್ಬಳು ಮಗಳ ಮದುವೆಗೆಂದು ತೆಗೆಸಿದ ರೇಷ್ಮೆ ಸೀರೆಯನ್ನು ಹಾಗೇ ಚಾಚಿದಳು. ಮಾವನವರು ತೀಡಿದರು, ಮತ್ತೆ ತೀಡಿದರು. "ಇದು ನೂಲಿಂದವ್ವಾ" ಎಂದರು. ಅವಳು ಗಾಬರಿಯಾಗಿ ಯಜಮಾನರ ಮುಖ ನೋಡಿದಳು. ಯಜಮಾನರು ಅವಳಿಗೆ ಕಣ್ಣಲ್ಲೇ ಸುಮ್ಮನಿರಲು ಬೇಡಿಕೊಂಡು, "ಹೌದಪ್ಪಾ, ನೂಲಿಂದ" ಎಂದರು. ಅವಳು ಸೀರೆಯ ಮೇಲೆ ಕೈಯಾಡಿಸಿ, "ಹಂಗಂದ್ರ ಬ್ಯಾಸಿಗೀಗೆ ಚಲೋ ಆತು ಬಿಡ್ರಿ" ಎಂದಳು. ಮಾವನವರು ತಲೆದೂಗಿದರು. ಅವಳು ಸೀರೆ ಕಟ್ಟಿಸಿಕೊಂಡು ಹೋದ ಮೇಲೆ ಯಜಮಾನರು ಮೇಜಿನ ಮೇಲೆ ಹರಡಿದ್ದ ಉಳಿದ ಸೀರೆಗಳನ್ನು ಮಡಚತೊಡಗಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ನಾನು ಎದ್ದು ಹೋಗಿ ಇನ್ನೊಂದು ತುದಿ ಹಿಡಿದೆ.